ಮಾರಾಟಕ್ಕಿದ್ದ ಬಂಗಲೆಯ ಜಗಲಿಯಲ್ಲಿ

ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್ ಮಹಾನಗರದ ಸಮೀಪದಲ್ಲಿ ಪ್ಯಾಸಡೀನ ಎಂಬ ಹಳೆಯ ಪಟ್ಟಣವಿದೆ. ಅಲ್ಲಿಯ ಒಂದು ಕೇರಿಗೆ ‘ಬಂಗಲೋ ಹೆವನ್’, ಅಂದರೆ ಬಂಗಲೆಗಳ ಸ್ವರ್ಗ, ಎಂದು ಹೆಸರು. ತಂಗಿಯ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಆ ಕೇರಿಯಲ್ಲಿ ನಡೆದಾಡುವ ಸಂದರ್ಭ ಒದಗಿತು. ಒಂದು ಮನೆಯ ಮುಂದೆ ‘ಮಾರಾಟಕ್ಕಿದೆ’ ಎಂಬ ಫಲಕ ನೆಟ್ಟಿತ್ತು, ಬಾಗಿಲು ತೆರೆದಿತ್ತು. ಇಂತಹ ದಿನ ಯಾರು ಬೇಕಾದರೂ ಒಳಹೊಕ್ಕು ನೋಡಬಹುದಂತೆ. ಕೊಳ್ಳುವ ಶಕ್ತಿ ನನಗಿರಲಿಲ್ಲ. ಆದರೆ ಆಸ್ತಿಪತ್ರಗಳ ನಡುವೆ ಬದುಕುವ ವಕೀಲನಿಗೆ ಸಹಜವಾದ ಕುತೂಹಲವಿತ್ತು.

ತಗ್ಗಾದ ಮಾಡು, ಗೋಡೆಯನ್ನು ದಾಟಿ ಹೊರಚಾಚಿದ ಸೂರು, ಮರೆಮಾಡದೆ ಬಿಟ್ಟ ಪಕ್ಕಾಸುಗಳ ತುದಿ, ಹೊಳೆಗಲ್ಲಿನ ಕಂಬಗಳು, ಅಗಲವಾದ ಜಗಲಿ. ಕಾಸರಗೋಡಿನವನಿಗೆ ಅದು ಪರದೇಶದ ಮನೆಯೆಂದು ತೋರಲೇ ಇಲ್ಲ. ಕಾರಣವಿಲ್ಲದೆಯೂ ಇಲ್ಲ. ಬಂಗಾಳದ ಹಳ್ಳಿಮನೆಯ ಹೆಸರೇ ಆಂಗ್ಲರ ಬಾಯಲ್ಲಿ ‘ಬಂಗಲೋ’ ಆಗಿ ಕಡಲು ದಾಟಿತು. ಯಂತ್ರಗಳು ಕೈಕಸುಬನ್ನು ನುಂಗುತ್ತಿವೆಯೆಂದು ಮರುಗಿದ ಇಂಗ್ಲೆಂಡಿನ ವಿಲಿಯಂ ಮಾರಿಸ್ ಮೊದಲಾದವರ ವಿಚಾರ ಅದರೊಡನೆ ಬೆರೆಯಿತು. ಅಮೆರಿಕದಲ್ಲಿ ಗುಸ್ಟಾವ್ ಸ್ಟಿಕ್ಲಿ 1901ರಿಂದ 1916ರವರೆಗೆ ನಡೆಸಿದ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆಯಿಂದ ಈ ಶೈಲಿಗೆ ಹೆಸರು ಬಂದಿತು. ಸಾಮಾನ್ಯ ಸಂಸಾರಸ್ಥನಿಗೂ ಚೆಲುವಾದ, ಪ್ರಾಮಾಣಿಕವಾದ ಮನೆ ದೊರೆಯಬೇಕೆಂಬುದು ಅದರ ಆಶಯ.

1980ರ ದಶಕದಲ್ಲಿ ಹಳೆಯ ಮನೆಗಳನ್ನು ಕೆಡವಿ ವಸತಿ ಸಮುಚ್ಚಯಗಳನ್ನು ಎಬ್ಬಿಸುವ ಭೀತಿ ಈ ಕೇರಿಗೂ ತಟ್ಟಿತು. ನಿವಾಸಿಗಳು ಒಗ್ಗೂಡಿದರು. 1989ರಲ್ಲಿ ಇದು ಪ್ಯಾಸಡೀನದ ಮೊದಲ ಸಂರಕ್ಷಿತ ವಲಯವಾಯಿತು. ಬೀದಿಗೆ ಕಾಣುವ ಕಿಟಕಿಯನ್ನೋ ಜಗಲಿಯನ್ನೋ ಬದಲಿಸಬೇಕಾದರೆ ಇಲ್ಲಿ ನಗರಾಡಳಿತದ ಒಪ್ಪಿಗೆ ಬೇಕು. ಇದಲ್ಲದೆ 1972ರ ‘ಮಿಲ್ಸ್ ಕಾಯಿದೆ’ಯೂ ಇದೆ: ಅರ್ಹವಾದ ಹಳೆಯ ಮನೆಯನ್ನು ಕಾಪಾಡುವೆನೆಂದು ಒಡೆಯನು ನಗರದೊಡನೆ ಒಪ್ಪಂದ ಮಾಡಿಕೊಂಡರೆ ಆಸ್ತಿತೆರಿಗೆ ಇಳಿಯುತ್ತದೆ. ಆ ಒಪ್ಪಂದ ಮನೆಯೊಡನೆಯೇ ಸಾಗುತ್ತದೆ. ಕೊಂಡವನೂ ಅದಕ್ಕೆ ಬದ್ಧ.

“ಒಳಗಿನ ಮರಗೆಲಸವನ್ನು ಬದಲಿಸಬಹುದೇ?” ಎಂದು ಮನೆ ತೋರಿಸುತ್ತಿದ್ದ ಮಹಿಳೆಯನ್ನು ಕೇಳಿದೆ.

“ಅದು ಕೊಂಡವರ ಇಚ್ಛೆ,” ಎಂದರು.

ಅದೇ ಪಟ್ಟಣದಲ್ಲಿ ಗ್ಯಾಂಬಲ್ ಮನೆಯಿದೆ. ಗ್ರೀನ್ ಸಹೋದರರು 1908ರಲ್ಲಿ ಕಟ್ಟಿದ್ದು. ಒಳಗೆಲ್ಲ ಸಾಗುವಾನಿ, ಮಹಾಗನಿಗಳ ನಯವಾದ ಕೆಲಸ. ಅದನ್ನೂ ಒಮ್ಮೆ ಮಾರಲು ಹೊರಟಿದ್ದರಂತೆ. ನೋಡಲು ಬಂದವರು ಒಳಗಿನ ಮರಕ್ಕೆಲ್ಲ ಬಿಳಿ ಬಣ್ಣ ಬಳಿಯುವ ಮಾತನಾಡಿದ್ದು ಕಿವಿಗೆ ಬಿದ್ದೊಡನೆ ಮನೆಯವರು ಮಾರಾಟವನ್ನೇ ಕೈಬಿಟ್ಟರೆಂದು ಅಲ್ಲಿ ಹೇಳುತ್ತಾರೆ. 1966ರಲ್ಲಿ ಅವರು ಆ ಮನೆಯನ್ನು ನಗರಕ್ಕೂ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೂ ಒಪ್ಪಿಸಿದರು. ಆ ಮರಗೆಲಸವನ್ನು ಉಳಿಸಿದ್ದು ಕಾಯಿದೆಯಲ್ಲ, ಮನೆಯವರ ಮನಸ್ಸು.

ಈ ಮಾತು ನನ್ನನ್ನು ಊರಿಗೆ ಕರೆತಂದಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಕೇರಳಕ್ಕೆ ಸೇರಿದಾಗಲೇ ಸಂವಿಧಾನಕ್ಕೆ 350-ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಅದು ಹೇಳುತ್ತದೆ. ಅದರ ಪಾಲನೆಗಾಗಿ ಅರ್ಜಿ ಬರೆಯುವುದು, ವಾದಿಸುವುದು ನನ್ನಂತಹವರ ಕೆಲಸ, ಅದನ್ನು ಬಿಡಲಾಗದು. ಆದರೆ ಆ ವಿಧಿ ಶಾಲೆಯ ಹೊಸ್ತಿಲವರೆಗೆ ಬಂದೀತು; ನಮ್ಮ ಅಡುಗೆಮನೆಗೆ ಬಾರದು. ಊಟಕ್ಕೆ ಕುಳಿತಾಗ ಮಕ್ಕಳೊಡನೆ ಯಾವ ನುಡಿಯಲ್ಲಿ ಮಾತನಾಡುತ್ತೇವೆ ಎಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸುವುದಿಲ್ಲ.

ಹೊರಗೆ ಬಂದಾಗ ತಂಗಿಯ ಮಗಳು ಮೆಟ್ಟಿಲ ಮೇಲೆ ಕುಳಿತು ಬೇಸರದಿಂದ ಕಾಲಾಡಿಸುತ್ತಿದ್ದಳು. “ಎಷ್ಟು ಒಳ್ಳೆಯ ಜಗಲಿ!” ಎಂದೆ.

“ಜಗಲಿ ಅಂದರೆ ಏನು, ಮಾವ?”

ಆ ಮಾತು ಅವಳ ಕಿವಿಗೆ ಬೀಳುವಂತೆ ನಾವ್ಯಾರೂ ಆಡಿರಲಿಲ್ಲ. ತಪ್ಪು ಅವಳದಲ್ಲ. ನಾನೂ ಅವಳ ಪಕ್ಕದಲ್ಲಿ ಕುಳಿತೆ.

“ನಾವಿಬ್ಬರೂ ಕುಳಿತಿದ್ದೇವಲ್ಲ ಮಗಳೇ, ಇದೇ ಜಗಲಿ. ನಿನ್ನ ಅಮ್ಮ ಅಕ್ಷರ ಕಲಿತದ್ದು ಇಂಥದ್ದೇ ಒಂದರ ಮೇಲೆ.”

ಅವಳು ಆ ಪದವನ್ನು ಎರಡು ಸಲ ಮೆಲ್ಲನೆ ಹೇಳಿಕೊಂಡಳು. ಬಳಿಕ, ಊರಿನ ಆ ಜಗಲಿ ಈಗಲೂ ಇದೆಯೇ ಎಂದು ಕೇಳಿದಳು.