ಒಂದು ಹನಿ ನೀರು



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯನ್ನು ನಿಮಗೆ ತಿಳಿಸಬೇಕೆಂದು ನನ್ನ ಮನಸ್ಸು. ಖಾನಾಪುರದ ಕಡೆಯಿಂದ ಬಂದು ವಸತಿಗೃಹದಲ್ಲಿರುವ ಬಾಲಿಕೆಯೊಬ್ಬಳು ತನ್ನ ಮನೆಯ ಬಾವಿಯ ನೀರನ್ನು ಸೀಸೆಯಲ್ಲಿ ತಂದಿದ್ದಳು. ಮೊದಲು ಶಾಲೆಯ ತೋಟದ ತೊಟ್ಟಿಯಿಂದ ಪಾಚಿಗಟ್ಟಿದ ನೀರಿನ ಹನಿಯೊಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಪಾದರಕ್ಷೆಯ ಅಟ್ಟೆಯಂತಹ ಆಕಾರದ ಪ್ಯಾರಮೀಸಿಯಂಗಳು ಅತ್ತಿತ್ತ ಧಾವಿಸುತ್ತಿದ್ದುವು. ಹುಡುಗಿಯರು ಹರ್ಷದಿಂದ ಕೂಗಿದರು. ಬಳಿಕ ಬಾವಿಯ ನೀರಿನ ಹನಿಯನ್ನಿಟ್ಟೆವು. ಅದರಲ್ಲಿ ಏನೂ ಕಾಣಲಿಲ್ಲ.

“ಅಕ್ಕನವರೇ, ನಮ್ಮ ಬಾವಿಯ ನೀರು ಶುದ್ಧವಾಗಿದೆ!” ಎಂದು ಆಕೆ ಅಭಿಮಾನದಿಂದ ನುಡಿದಳು.

ಆ ಮಾತಿಗೆ ನನ್ನೆದೆ ನಡುಗಿತು. ನಾನೂ ಖಾನಾಪುರ ಸೀಮೆಯವಳೇ. ನಮ್ಮ ಬಾವಿಯ ನೀರೂ ತಿಳಿಯಾಗಿಯೇ ಇತ್ತು. ನಾನು ಏಳು ವರುಷದವಳಿದ್ದಾಗ, ಮಳೆಗಾಲದ ಒಂದು ರಾತ್ರಿ, ನನ್ನ ತಂಗಿಗೆ ವಾಂತಿಭೇದಿ ಹತ್ತಿತು. ನೀರು ಕುಡಿಸಿದರೆ ಭೇದಿ ಹೆಚ್ಚುವುದೆಂದು ನೆರೆಯವರು ಹೇಳಿದರು. ಅವ್ವ ಅದನ್ನು ನಂಬಿ, ಮಗು “ನೀರು, ನೀರು” ಎಂದು ಬೇಡಿದರೂ, ಒದ್ದೆ ಬಟ್ಟೆಯಿಂದ ತುಟಿಯನ್ನು ಮಾತ್ರ ತೋಯಿಸಿದಳು. ಮರುದಿನ ಹೊತ್ತು ಮುಳುಗುವುದರೊಳಗೆ ತಂಗಿ ಕಣ್ಮುಚ್ಚಿದಳು.

ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಲೇವೆನ್‌ಹುಕ್ ಎಂಬವನು ತಾನೇ ಉಜ್ಜಿ ಮಾಡಿದ ಮಸೂರದಿಂದ ನೀರಿನೊಳಗಿನ ಜೀವಿಗಳನ್ನು ಕಂಡು, 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಆದರೆ ಕಣ್ಣಿಗೆ ಕುಣಿದು ತೋರುವ ಜೀವಿಗಳೆಲ್ಲ ವೈರಿಗಳಲ್ಲ. ವೈರಿಗಳೆಲ್ಲ ಸುಲಭವಾಗಿ ತೋರುವುದೂ ಇಲ್ಲ. ಪ್ಯಾರಮೀಸಿಯಂ ನಮಗೆ ನಿರುಪದ್ರವಿ. ಕಾಲರಾದ ಕ್ರಿಮಿಯೋ ಒಂದು ಮಿಲಿಮೀಟರಿನ ಕೆಲವೇ ಸಾವಿರದೊಂದು ಪಾಲಿನಷ್ಟು ಉದ್ದದ್ದು. ನಮ್ಮ ಶಾಲೆಯ ಯಂತ್ರದಲ್ಲಿ ಒಂದು ಹನಿಯನ್ನು ನೋಡಿ ಅದಿಲ್ಲವೆಂದು ಹೇಳಲಾಗದು. ರಾಬರ್ಟ್ ಕಾಖ್ 1884ರಲ್ಲಿ ಕಲಕತ್ತೆಯ ಒಂದು ಕೆರೆಯ ನೀರಿನಲ್ಲಿಯೇ ಅದನ್ನು ಕಂಡನು. ಅದರ ವಿಷವೇ ಕರುಳಿನಿಂದ ನೀರನ್ನು ಹೊರಚೆಲ್ಲಿಸುವುದೆಂಬುದನ್ನು ಅದೇ ನಗರದ ಶಂಭುನಾಥ ಡೇ ಅವರು 1959ರಲ್ಲಿ ತೋರಿಸಿಕೊಟ್ಟರು. ಹಾಗೆ ಹೋದ ನೀರನ್ನು ತುಂಬಿಕೊಡದಿದ್ದರೆ ರೋಗಿ ಒಣಗಿ ಸಾಯುವನು.

ಆದ್ದರಿಂದ ಇದನ್ನು ಬಾಯಿಪಾಠ ಮಾಡಿರಿ: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚವು ತಲೆಮಟ್ಟವಾಗಿರಲಿ. ಇದನ್ನು ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಕರೆದೊಯ್ಯಿರಿ.

ನಮ್ಮ ಬೆಳಗಾವಿಯ ತಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಸ್ಥಳವನ್ನು ನೀವು ಬಲ್ಲಿರಿ. ಸಿಡುಬಿನ ಲಸಿಕೆಯನ್ನು ತಯಾರಿಸಿದ ಊರು ನಮ್ಮದು. ಸಿಡುಬು ಲೋಕದಿಂದಲೇ ತೊಲಗಿತೆಂದು 1980ರಲ್ಲಿ ಸಾರಲಾಯಿತು. ಕಾಣದ ವೈರಿಯನ್ನೂ ಅರಿವಿನಿಂದ ಗೆಲ್ಲಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಶಿಕ್ಷಕಿಯ ತರಬೇತಿ ಮುಗಿಸಿ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ವಿವರಿಸಿದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಕೂಸನ್ನು ನಾನೇ ಕೊಂದೆನೇನವ್ವಾ?” ಎಂದಳು. “ಇಲ್ಲವ್ವಾ, ನಿನಗೆ ಯಾರೂ ಹೇಳಿರಲಿಲ್ಲ” ಎಂದೆನು. ಅಂದಿನಿಂದ, ಹೇಳುವುದೇ ನನ್ನ ಕೆಲಸವಾಗಿದೆ.

ಆ ಬಾಲಿಕೆ ರಜೆಗೆ ಊರಿಗೆ ಹೋಗಿ ಬಂದು, “ಅಕ್ಕನವರೇ, ಈಗ ನಮ್ಮ ಮನೆಯಲ್ಲಿ ನೀರು ಕಾಯಿಸುತ್ತಾರೆ” ಎಂದು ತಿಳಿಸಿದಳು. ನೀವೂ ನಿಮ್ಮ ನಿಮ್ಮ ಮನೆಗಳಲ್ಲಿ ಹೇಳಿರಿ.