ಸತ್ತ ಹುಳ ಈಜುತ್ತೇನೋ ಮಾರಾಯ?

ಫ್ಲೈ ರಾಡ್ ಬಿಚ್ಚಿ ಜೋಡಿಸುತ್ತಿದ್ದರೆ ಮಾವ ಜಗಲಿಯಲ್ಲಿ ಕೂತು ನಗುತ್ತಿದ್ದರು. "ಎಷ್ಟು ಕೊಟ್ಟೆ ಇದಕ್ಕೆ?" ಅಂದರು. ನಿಜವಾದ ರೇಟಿನ ಅರ್ಧ ಹೇಳಿದೆ. ಅದಕ್ಕೂ ಬೈದರು.

ಸೋದರಮಾವನ ಕಾಫಿ ತೋಟ ಇರುವುದು ಮೂಡಿಗೆರೆಯಿಂದ ಸಕಲೇಶಪುರದ ಕಡೆ ಹೋಗುವ ದಾರಿಯಲ್ಲಿ. ತೋಟದ ಬುಡದಲ್ಲೇ ಹೇಮಾವತಿ. ಏಪ್ರಿಲ್ ಕೊನೆಯ ಶನಿವಾರ ಬೆಂಗಳೂರಿಂದ ಹೊರಟಾಗ ನನ್ನ ತಲೆಯಲ್ಲಿದ್ದದ್ದು ರಾತ್ರಿಯೆಲ್ಲ ನೋಡಿದ ಯೂಟ್ಯೂಬ್ ವಿಡಿಯೋಗಳು. ಇಂಗ್ಲೆಂಡಿನ ಹ್ಯಾಂಪ್‌ಶೈರ್, ಕಳೆ ತುಂಬಿದ ತಿಳಿನೀರು, ಅದರಲ್ಲಿ ಟ್ರೌಟ್. ಗರಿ, ನೂಲು ಸುತ್ತಿ ಮಾಡಿದ ನಕಲಿ ಹುಳವನ್ನು ನೀರಿನ ಮೇಲೆ ತೇಲಿಬಿಟ್ಟು ಹಿಡಿಯುವ ಈ ವಿದ್ಯೆಯ ಬಗ್ಗೆ ಹಾಲ್ಫರ್ಡ್ ಎಂಬಾತ 1886ರಲ್ಲೇ ದೊಡ್ಡ ಪುಸ್ತಕ ಬರೆದಿದ್ದಾನೆ. ಟ್ರೌಟ್‌ಗೆ ತಣ್ಣನೆಯ ನೀರು ಬೇಕು. ನೀಲಗಿರಿಯ ಎತ್ತರದಲ್ಲಿ ಬ್ರಿಟಿಷರು ತಂದುಬಿಟ್ಟದ್ದಿದೆ, ನಮ್ಮ ಹೇಮಾವತಿಯಲ್ಲಿ ಇಲ್ಲ. ಆದರೆ ಇಲ್ಲಿ ಬ್ಯಾರಿಲಿಯಸ್ ಬಳಗದ ಮೀನುಗಳಿವೆ. ಬೆಳ್ಳಿ ಮೈ, ಪಕ್ಕದಲ್ಲಿ ಸಾಲಾಗಿ ನೀಲಿ ಪಟ್ಟೆ. ಗೇಣುದ್ದ ಬೆಳೆದರೆ ಅದೇ ದೊಡ್ಡದು. ನೀರಿಗೆ ಬಿದ್ದ ಹುಳವನ್ನು ಮೇಲೆ ಬಂದು ನುಂಗುತ್ತವೆ. ಈ ಬಳಗದ ಕೆಲವನ್ನು ಬ್ರಿಟಿಷರು 'ಇಂಡಿಯನ್ ಟ್ರೌಟ್' ಅಂತಲೇ ಕರೆದರು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಿಂದ ತಂದ 'ದಿ ರಾಡ್ ಇನ್ ಇಂಡಿಯಾ' ಗಾಳದವರಿಗೆ ಇವತ್ತಿಗೂ ದೊಡ್ಡ ಹೆಸರು. ಇನ್ನು ಮೂಡಿಗೆರೆಯಲ್ಲಿ ಗಾಳ ಅಂದಮೇಲೆ ತೇಜಸ್ವಿ ನೆನಪಾಗಲೇಬೇಕು. 2007ರಲ್ಲಿ ಅವರು ತೀರಿಕೊಂಡಾಗ ನಾನಿನ್ನೂ ಸ್ಕೂಲಲ್ಲಿದ್ದೆ. ಮಾವ ಅವತ್ತು ಊಟ ಮಾಡಿರಲಿಲ್ಲ ಅಂತ ಅತ್ತೆ ಈಗಲೂ ಹೇಳುತ್ತಾರೆ.

ಮಧ್ಯಾಹ್ನ ಒಂದು ಜೋರು ಮಳೆ ಬಂದು ಹೋಗಿತ್ತು. ಸಂಜೆ ಐದಕ್ಕೆ ಹೊಳೆಗಿಳಿದೆವು. ತಿರುವಿನಲ್ಲಿ ನೀರು ನಿಧಾನ. ನೀರಕಳೆ ಉದ್ದ ಕೂದಲು ಬಿಚ್ಚಿದ ಹಾಗೆ ಹರಡಿಕೊಂಡಿತ್ತು. ಎರಡು ಕಳೆಗಳ ನಡುವಿನ ಓಣಿಯಲ್ಲಿ ಮೀನುಗಳು ಒಂದಾದಮೇಲೊಂದು ಬಾಯಿ ಎತ್ತುತ್ತಿದ್ದವು. ಪುಳಕ್, ಪುಳಕ್.

ನಾನು ಎಸೆದೆ. ಒಂದು ಮೀನು ಮೇಲೆ ಬಂತು, ನನ್ನ ಹುಳದ ಕೆಳಗೇ ಅರ್ಧ ಅಡಿ ತೇಲಿಕೊಂಡು ಹೋಯಿತು, ನೋಡಿತು, ವಾಪಸ್ ಇಳಿಯಿತು. ಪಕ್ಕದಲ್ಲೇ ಏನನ್ನೋ ನುಂಗಿತು. ಹುಳ ಬದಲಾಯಿಸಿದೆ. ಕಂದು, ಹಳದಿ, ದೊಡ್ಡದು. ಮುಕ್ಕಾಲು ಗಂಟೆಯಲ್ಲಿ ಒಂಬತ್ತು ಹುಳ. ಲಾಗ್ ನೋಡದೆ ಕೋಡ್ ಬದಲಾಯಿಸುವ ಜೂನಿಯರ್‌ಗಳಿಗೆ ಆಫೀಸಲ್ಲಿ ಬೈಯುವವನು ನಾನೇ.

"ನಿನ್ನ ಹುಳ ಈಜ್ತಾ ಇದೆ," ಅಂದರು ಮಾವ. "ಸತ್ತ ಹುಳ ಎಲ್ಲಾದ್ರೂ ಈಜುತ್ತೇನೋ ಮಾರಾಯ?"

ಸರಿಯಾಗಿ ನೋಡಿದೆ. ಓಣಿಯಲ್ಲಿ ನೀರು ಬೇಗ ಹರಿಯುತ್ತದೆ, ಕಳೆಯ ಮೇಲೆ ನಿಧಾನ. ನನ್ನ ದಾರ ಎರಡರ ಮೇಲೂ ಬಿದ್ದಿದ್ದರಿಂದ ಅದು ಹುಳವನ್ನು ಎಳೆಯುತ್ತಿತ್ತು. ನೀರಿಗಿಂತ ಒಂಚೂರು ಬೇರೆ ವೇಗದಲ್ಲಿ ಹೋದರೂ ಮೀನಿಗೆ ಗೊತ್ತಾಗುತ್ತದೆ. ಮಾವ ಟವಲಿನ ಎರಡು ತುದಿ ಹಿಡಿದು ನೀರಿನ ಮೇಲ್ಪದರ ಸೋಸಿದರು. ಟವಲಿನ ತುಂಬ ಸಣ್ಣ ಕರಿ ರೆಕ್ಕೆಯಿರುವೆ. ಮಳೆ ನಿಂತ ಮೇಲೆ ಹಾರಿ, ನೀರಿಗೆ ಬಿದ್ದವು. ನನ್ನ ಡಬ್ಬಿಯಲ್ಲಿ ಕರಿಯದು ಅಂತ ಇದ್ದದ್ದು ಎರಡೇ. ಒಂದರ ಗರಿಯನ್ನು ನೇಲ್ ಕಟರಿನಲ್ಲಿ ಕತ್ತರಿಸಿ ಸಣ್ಣದು ಮಾಡಿದೆ.

"ನೀವೇ ಒಂದ್ಸಲ ಹಾಕಿ ಮಾವ," ಅಂದೆ.

"ನಾನು ಗಾಳ ಬಿಟ್ಟು ಎಷ್ಟೋ ವರ್ಷ ಆಯ್ತು."

ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲ. ಕಣ್ಣು ಕಾಣಲ್ಲ, ಮಂಡಿನೋವು, ಅಂಥದ್ದೇನೋ ಅಂದುಕೊಂಡಿದ್ದೆ.

"ಒಂದು ಜನವರೀಲಿ ಇದೇ ತಿರುವಲ್ಲಿ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವು. ಊರೋರೆಲ್ಲ ಮೇಲಿನ ತೋಟದೋರಿಗೆ ಬೈದ್ರು. ನಾನೂ ಬೈದೆ." ಟವಲು ಹಿಂಡಿದರು. "ನಮ್ಮ ಪಲ್ಪರ್ ನೀರೂ ಹೊಳೆಗೇ ಹೋಗ್ತಿತ್ತು ಕಣೋ."

ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರಿನಲ್ಲಿ ಸಕ್ಕರೆ ಅಂಶ ಹೆಚ್ಚು. ಅದು ಹೊಳೆ ಸೇರಿದರೆ ಕೊಳೆಯುತ್ತಾ ನೀರಿನ ಆಕ್ಸಿಜನ್ನನ್ನೆಲ್ಲ ಎಳೆದುಕೊಳ್ಳುತ್ತದೆ. ಕೊಯ್ಲಿನ ಹೊತ್ತಿಗೆ ಹೊಳೆಯಲ್ಲಿ ನೀರೂ ಕಮ್ಮಿ. ಮೀನು ಉಸಿರುಕಟ್ಟಿ ಸಾಯುತ್ತವೆ. ಮನೆ ಹಿಂದಿನ ಮೂರು ದೊಡ್ಡ ಗುಂಡಿಗಳು ಯಾಕಿವೆ ಅಂತ ನನಗೆ ಅವತ್ತು ಗೊತ್ತಾಯಿತು. ಚಿಕ್ಕವರಿದ್ದಾಗ ಅದರ ಹತ್ತಿರ ಹೋದರೆ ಏಟು ಬೀಳುತ್ತಿತ್ತು, ಅಷ್ಟೇ ನೆನಪು.

ನಾನು ಮೇಲಕ್ಕೆ ಹೋಗಿ ನಿಂತು, ದಾರ ಸಡಿಲ ಬಿಟ್ಟು, ಇರುವೆಯನ್ನು ಓಣಿಗೆ ಇಳಿಸಿದೆ. ಎರಡನೇ ಸಲಕ್ಕೆ ಪುಳಕ್. ರಾಡ್ ಎತ್ತಿದ್ದೇ ತಡ, ಮೀನು ಸೀದಾ ಕಳೆಯೊಳಗೆ ನುಗ್ಗಿತು. ದಾರ ಬಿಗಿಯಾಯಿತು, ನಡುಗಿತು, ಪಟ್ ಅಂತ ಕಡಿಯಿತು.

ಮಾವ ಏನೂ ಅನ್ನಲಿಲ್ಲ. ಓಣಿಯಲ್ಲಿ ಇನ್ನೂ ಬಾಯಿಗಳು ಏಳುತ್ತಿದ್ದವು. ಅವರ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು ಅನಿಸುತ್ತದೆ.

"ಆ ಕರೀದು ಇನ್ನೊಂದಿದೆಯಾ?"

ಇತ್ತು. ಕತ್ತರಿಸಿ ಕಟ್ಟಿಕೊಟ್ಟೆ. ಮಾವ ಪಂಚೆ ಮೇಲೆ ಕಟ್ಟಿಕೊಂಡು ನೀರಿಗಿಳಿದರು. ಮೊದಲನೇ ಎಸೆತವೇ ಹಿಂದಿನ ಅತ್ತಿ ಮರಕ್ಕೆ ಸಿಕ್ಕಿಕೊಂಡಿತು. ರಾಡಿನ ರೇಟು ಎತ್ತಿ ಮತ್ತೆ ಬೈದರು.