ಅನಾಪೊಲಿಸ್: ಹಳೆಯ ಹಾಯಿದೋಣಿಗಳ ಸಂತೆ

ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಪುಟ್ಟ ರಾಜ್ಯ ಮೇರಿಲ್ಯಾಂಡ್. ಅದರ ರಾಜಧಾನಿ ಅನಾಪೊಲಿಸ್. ರಾಜಧಾನಿ ಎಂದೊಡನೆ ನಮ್ಮ ಬೆಂಗಳೂರನ್ನು ನೆನೆಯಬೇಕಿಲ್ಲ. ಇಲ್ಲಿನ ಜನಸಂಖ್ಯೆ ಸುಮಾರು 40 ಸಾವಿರ, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಆದರೂ 1783-84ರಲ್ಲಿ ಸುಮಾರು ಒಂಬತ್ತು ತಿಂಗಳು ಇದೇ ಇಡೀ ಅಮೆರಿಕದ ರಾಜಧಾನಿಯಾಗಿತ್ತು. ಜಾರ್ಜ್ ವಾಷಿಂಗ್ಟನ್ ಸೇನಾಪತಿ ಪದವಿಗೆ ರಾಜೀನಾಮೆ ಕೊಟ್ಟದ್ದು ಇಲ್ಲಿನ ಶಾಸನಸಭಾ ಭವನದಲ್ಲಿ. ಅಮೆರಿಕದ ನೌಕಾ ಅಕಾಡೆಮಿ 1845ರಿಂದ ಇಲ್ಲಿದೆ.

ಆದರೆ ಊರಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಕೂವೆಮರಗಳ ಕಾಡು. ಸೆವರ್ನ್ ನದಿ ಚೆಸಪೀಕ್ ಕೊಲ್ಲಿಯನ್ನು ಸೇರುವ ಜಾಗವಿದು. ಸ್ಪಾ ಕ್ರೀಕ್, ಬ್ಯಾಕ್ ಕ್ರೀಕ್ ಎಂಬ ಹಿನ್ನೀರುಗಳು ಬೀದಿಗಳ ಹಿತ್ತಲಿಗೇ ಬಂದು ನಿಂತಿವೆ. ಗಾಳಿ ಬೀಸಿದಾಗ ಹಗ್ಗಗಳು ಅಲ್ಯೂಮಿನಿಯಂ ಕೂವೆಗಳಿಗೆ ಬಡಿದು, ದನದ ಮಂದೆಯ ಗಂಟೆಗಳಂತೆ ಟಿಣ್ ಟಿಣ್ ಎನ್ನುತ್ತವೆ.

ಹೊಸ ದೋಣಿಗಳ ವೈಭವ ನೋಡಬೇಕೆಂದರೆ ಅಕ್ಟೋಬರ್ ತಿಂಗಳ ಹಾಯಿದೋಣಿ ಮೇಳಕ್ಕೆ ಹೋಗಬೇಕು. ಅದು 1970ರಲ್ಲಿ ಆರಂಭವಾದ ಮೇಳ. ಹಳೆಯವನ್ನು ನೋಡಲು ಸ್ಪಾ ಕ್ರೀಕ್ ಸೇತುವೆ ದಾಟಿ ಈಸ್ಟ್‌ಪೋರ್ಟ್‌ಗೆ ಬರಬೇಕು. ಅಲ್ಲಿನ ಅಂಗಳಗಳಲ್ಲಿ ದೋಣಿಗಳು ನೀರಿನಿಂದ ಮೇಲೆ ಬಂದು, ಕಬ್ಬಿಣದ ಊರೆಗಳನ್ನು ಕೊಟ್ಟುಕೊಂಡು ನಿಂತಿರುತ್ತವೆ. ಕೆಲವಕ್ಕೆ ‘ಮಾರಾಟಕ್ಕಿದೆ’ ಎಂಬ ಫಲಕ. ಕೊಳ್ಳುವವರು ಸುತ್ತು ಹಾಕುತ್ತಾರೆ, ಬಗ್ಗಿ ನೋಡುತ್ತಾರೆ, ದಲ್ಲಾಳಿಯ ಜೊತೆ ಮೆಲ್ಲಗೆ ಮಾತಾಡುತ್ತಾರೆ. ನಮ್ಮ ದನದ ಜಾತ್ರೆಯ ನೆನಪು ಬರುವುದು ಸಹಜ.

ಕೊಳೆಯದ ದೋಣಿ

ಇಷ್ಟೊಂದು ಹಳೆಯ ದೋಣಿಗಳು ಉಳಿದದ್ದಾದರೂ ಹೇಗೆ? ಉತ್ತರ ರಸಾಯನಶಾಸ್ತ್ರದಲ್ಲಿದೆ. ಮರದ ದೋಣಿ ಕೊಳೆಯುತ್ತದೆ, ಅದಕ್ಕೆ ಹುಳು ಹಿಡಿಯುತ್ತದೆ. ಗಾಜಿನ ನಾರಿಗೆ ಪಾಲಿಯೆಸ್ಟರ್ ರಾಳ ತುಂಬಿ ಮಾಡಿದ ಫೈಬರ್‌ಗ್ಲಾಸ್ ಹಾಗಲ್ಲ. 1959ರಲ್ಲಿ ರೋಡ್ ಐಲೆಂಡ್‌ನ ಪಿಯರ್ಸನ್ ಸೋದರ ಸಂಬಂಧಿಗಳು ಟ್ರೈಟನ್ ಎಂಬ 28 ಅಡಿಯ ಫೈಬರ್‌ಗ್ಲಾಸ್ ದೋಣಿಯನ್ನು ನ್ಯೂಯಾರ್ಕ್ ಪ್ರದರ್ಶನದಲ್ಲಿಟ್ಟರು. ಅಂಥವು ಮುಂದೆ 700ಕ್ಕೂ ಹೆಚ್ಚು ತಯಾರಾದವು. ಉಳಿದವರೂ ಇದೇ ದಾರಿ ಹಿಡಿದರು. ಆಗಿನ ಅನೇಕ ದೋಣಿಗಳು ಈಗಲೂ ತೇಲುತ್ತಿವೆ.

ಹಳೆಯದೆಂದರೆ ಕೈಲಾಗದ್ದು ಎಂದಲ್ಲ. ಗೋಲ್ಡನ್ ಗ್ಲೋಬ್ ಎಂಬ ಭೂಪ್ರದಕ್ಷಿಣೆ ಸ್ಪರ್ಧೆಯಲ್ಲಿ 1988ಕ್ಕೆ ಮುಂಚಿನ ವಿನ್ಯಾಸದ ದೋಣಿಗಳಿಗೆ ಮಾತ್ರ ಪ್ರವೇಶ. 2022-23ರಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಅಂಥದೊಂದು 36 ಅಡಿಯ ದೋಣಿಯಲ್ಲಿ ಒಬ್ಬರೇ 236 ದಿನ ಸಾಗಿ ಎರಡನೆಯ ಸ್ಥಾನ ಪಡೆದರು.

ಉಣ್ಣಲು, ಮಲಗಲು ಅನುಕೂಲವಿದ್ದು ದಿನಗಟ್ಟಲೆ ಸಂಚರಿಸಲು ತಕ್ಕ ದೋಣಿಗೆ ಕ್ರೂಸಿಂಗ್ ದೋಣಿ ಎನ್ನುತ್ತಾರೆ. ಇದರ ವೇಗಕ್ಕೂ ಒಂದು ಲೆಕ್ಕವುಂಟು. ನೀರಿನ ಮಟ್ಟದಲ್ಲಿ ದೋಣಿ ಎಷ್ಟು ಅಡಿ ಉದ್ದವೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗರಿಷ್ಠ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 25 ಅಡಿಗೆ 6.7 ನಾಟ್, ಅಂದರೆ ಗಂಟೆಗೆ ಸುಮಾರು 12 ಕಿಲೋಮೀಟರ್. ನಮ್ಮ ಶಾಲಾ ಹುಡುಗನ ಸೈಕಲ್ ವೇಗ!

ಸುತ್ತಿಗೆಯ ಪರೀಕ್ಷೆ

ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ಬಾಲ್ಟಿಮೋರ್‌ಗೆ ಹೋಗಿದ್ದೆವು. ಸಮೀಪದಲ್ಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಗಂಗೊಳ್ಳಿ ಕಡೆಯ ಹುಡುಗ, ಈಗ ನಲವತ್ತು ದಾಟಿದ ಗೃಹಸ್ಥ. ಎರಡು ವರ್ಷ ಕೂಡಿಟ್ಟ ಹಣದಲ್ಲಿ, 18 ಸಾವಿರ ಡಾಲರಿಗೆ, 32 ಅಡಿಯ ಹಳೆಯ ದೋಣಿಯೊಂದನ್ನು ಮಾತಾಡಿದ್ದ. “ಸಾರ್, ಇವತ್ತು ಸರ್ವೇ ಇದೆ. ನೀವೂ ಬನ್ನಿ” ಎಂದ. ಅವನ ಹೆಂಡತಿ, ಏಳನೆಯ ತರಗತಿಯ ಮಗಳು ಕೂಡ ಹೊರಟರು. ಮಗಳು ದೋಣಿಗೆ ಆಗಲೇ ಹೆಸರಿಟ್ಟಾಗಿತ್ತು.

ಇಲ್ಲಿನ ವ್ಯಾಪಾರದ ಕ್ರಮ ಮೆಚ್ಚತಕ್ಕದ್ದು. ಬೆಲೆ ಒಪ್ಪಿಗೆಯಾದ ಮೇಲೆ ಶೇಕಡಾ ಹತ್ತರಷ್ಟು ಮುಂಗಡ ದಲ್ಲಾಳಿಯ ಬಳಿ ಇರುತ್ತದೆ. ಕೊಳ್ಳುವವನು ತನ್ನ ಖರ್ಚಿನಲ್ಲಿ ತಜ್ಞ ಸರ್ವೇಯರ್‌ನಿಂದ ಪರೀಕ್ಷೆ ಮಾಡಿಸುತ್ತಾನೆ. ವರದಿ ಒಪ್ಪಿಗೆಯಾಗದಿದ್ದರೆ ಮುಂಗಡ ವಾಪಸು. ಸರ್ವೇಯರ್‌ನ ಸಂಭಾವನೆ ಮಾತ್ರ ಹೋದದ್ದೇ.

ಸರ್ವೇಯರ್ ಎಪ್ಪತ್ತರ ಹತ್ತಿರದ ಮನುಷ್ಯ. ಕೈಯಲ್ಲೊಂದು ಪ್ಲಾಸ್ಟಿಕ್ ಸುತ್ತಿಗೆ, ಟಾರ್ಚು, ತೇವ ಅಳೆಯುವ ಪುಟ್ಟ ಯಂತ್ರ. ದೋಣಿಯನ್ನು ಅಗಲವಾದ ಪಟ್ಟಿಗಳಲ್ಲಿ ಜೋಲಿಯಂತೆ ಎತ್ತಿ ನೆಲದ ಮೇಲೆ ತಂದರು. ತಳದಲ್ಲಿ ಅಲ್ಲಲ್ಲಿ ಗುಳ್ಳೆಗಳು. ಒಂದನ್ನು ಚುಚ್ಚಿದಾಗ ಹುಳಿ ವಾಸನೆಯ ದ್ರವ ಜಿನುಗಿತು. ಇದು ನಾವು ತರಗತಿಯಲ್ಲಿ ಒಣದ್ರಾಕ್ಷಿಯನ್ನು ನೀರಿಗೆ ಹಾಕಿ ತೋರಿಸುವ ಅಭಿಸರಣೆ. ಹೊರಗಿನ ನೀರು ಮೇಲ್ಪದರದ ಮೂಲಕ ನುಸುಳಿ, ಒಳಗಿನ ರಾಸಾಯನಿಕಗಳನ್ನು ಕರಗಿಸಿ, ಪದರವನ್ನು ಉಬ್ಬಿಸುತ್ತದೆ. “ಇದಕ್ಕೆ ಹೆದರಬೇಕಿಲ್ಲ, ದುರಸ್ತಿಯಾಗುತ್ತದೆ” ಎಂದರು ಅವರು.

ಪ್ರೊಪೆಲ್ಲರ್ ಬಳಿ ಅರ್ಧ ಸವೆದ ಸತುವಿನ ತುಂಡೊಂದಿತ್ತು. ಕಂಚು, ಉಕ್ಕು ಎರಡೂ ಉಪ್ಪುನೀರಿನಲ್ಲಿ ಜೊತೆಗಿದ್ದರೆ ಅದೊಂದು ವಿದ್ಯುತ್ಕೋಶವೇ ಆಗಿ ಲೋಹ ಸವೆಯುತ್ತದೆ. ಹೆಚ್ಚು ಚುರುಕಾದ ಸತುವನ್ನು ಸೇರಿಸಿಟ್ಟರೆ ಅದು ತಾನು ಸವೆದು ಉಳಿದವನ್ನು ಕಾಯುತ್ತದೆ. ಸವೆದ ಸತು ಕಂಡರೆ ಅದು ಕೆಲಸ ಮಾಡುತ್ತಿದೆ ಎಂದರ್ಥ.

ಎಂಜಿನ್ ಶುರು ಮಾಡುವ ಮುನ್ನ ಅವರು ಅದರ ಮೇಲೆ ಕೈಯಿಟ್ಟು ನೋಡಿದರು. ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿರುವಾಗ ಅದು ಹಟ ಮಾಡುತ್ತದೆಯೇ ಎಂಬುದು ತಿಳಿಯದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಇಲ್ಲಿ ಎರಡೂ ಸರಿಯಿತ್ತು.

ಕೊನೆಗೆ ಡೆಕ್ ಮೇಲೆ ಮಂಡಿಯೂರಿ ಸುತ್ತಿಗೆಯಿಂದ ತಟ್ಟತೊಡಗಿದರು. ಹಲಸಿನ ಹಣ್ಣನ್ನು ತಟ್ಟಿ ನೋಡುವ ನಮಗೆ ಇದು ಹೊಸದಲ್ಲ. ಡೆಕ್ ಎಂದರೆ ಒಬ್ಬಟ್ಟಿನಂತೆ: ಮೇಲೂ ಕೆಳಗೂ ತೆಳು ಫೈಬರ್‌ಗ್ಲಾಸ್, ನಡುವೆ ಹೂರಣವಾಗಿ ಬಾಲ್ಸಾ ಎಂಬ ಹಗುರ ಮರ. ಮೊಳೆಯ ತೂತುಗಳಿಂದ ನೀರಿಳಿದರೆ ಹೂರಣ ಕೊಳೆಯುತ್ತದೆ, ಹೊರಗೆ ಮಾತ್ರ ಥಳಥಳ ಬಣ್ಣ. ಸುತ್ತಿಗೆ ಟಿಕ್ ಟಿಕ್ ಎನ್ನುತ್ತ ಸಾಗಿ, ಕೂವೆಯ ತಂತಿಗಳು ಡೆಕ್ಕನ್ನು ಸೇರುವಲ್ಲಿ ದಬ್ ದಬ್ ಎಂದಿತು. ಎಡಗಡೆ ಹಾಗೆ, ಬಲಗಡೆಯೂ ಹಾಗೆ. ತೇವಮಾಪಕದ ಮುಳ್ಳು ಕೊನೆಗೇ ಹೋಗಿ ನಿಂತಿತು.

ಆ ತಂತಿಗಳನ್ನು ಹಿಡಿದಿರುವ ಸ್ಟೇನ್‌ಲೆಸ್ ಪಟ್ಟಿಗಳು ಡೆಕ್ಕಿನ ಮೂಲಕವೇ ಕೆಳಗಿಳಿಯುತ್ತವೆ. ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಅದು ಉಳಿಯಲು ಆಮ್ಲಜನಕ ಬೇಕು. ಗಾಳಿಯಾಡದ ಒದ್ದೆ ಮರದೊಳಗೆ ಪೊರೆ ಕಳಚಿ, ಉಕ್ಕು ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತದೆ. ಒಂದು ದಿನ ಜೋರು ಗಾಳಿಗೆ ಪಟ್ಟಿ ತುಂಡಾದರೆ ಕೂವೆಯೇ ಉರುಳುತ್ತದೆ. ಚೆಸಪೀಕ್ ಸುಮಾರು 320 ಕಿಲೋಮೀಟರ್ ಉದ್ದದ ಕೊಲ್ಲಿ. ಅದರ ನಡುವೆ, ಮಗುವನ್ನು ಕೂರಿಸಿಕೊಂಡ ದೋಣಿಯಲ್ಲಿ! ದುರಸ್ತಿಯ ಖರ್ಚು ದೋಣಿಯ ಬೆಲೆಯನ್ನೂ ಮೀರಬಹುದು ಎಂದರು ಸರ್ವೇಯರ್.

“ಅಪ್ಪ, ಸ್ವಲ್ಪ ರೇಟು ಇಳಿಸಿ ತಗೊಳ್ಳೋಣ” ಎಂದಳು ಹುಡುಗಿ. ತಂದೆ ತುಸು ಹೊತ್ತು ಸುಮ್ಮನಿದ್ದ. “ರೇಟು ಇಳಿಸಿದ್ರೆ ಮರ ಒಣಗಲ್ಲ ಮಗಾ” ಎಂದ. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಅಕ್ಟೋಬರ್‌ನಲ್ಲಿ ಅವನ ಫೋನು ಬಂತು. ಐದು ವರ್ಷ ಇನ್ನೂ ಹಳೆಯದಾದ, ಬಣ್ಣ ಮಾಸಿದ, 28 ಅಡಿಯ ದೋಣಿ ಕೊಂಡಿದ್ದ. ಅದರ ಮಾಲೀಕ ಪ್ರತಿ ದುರಸ್ತಿಯನ್ನೂ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನಂತೆ. ಸುತ್ತಿಗೆಯೂ ಆ ಬರಹವನ್ನು ಸುಳ್ಳಾಗಿಸಲಿಲ್ಲ. ಮಗಳು ಹೆಸರು ಬದಲಿಸಿಲ್ಲ. ಪ್ರಯೋಗ ಪುಸ್ತಕ ಬರೆಯಲು ಬೇಸರಿಸುವ ನನ್ನ ವಿದ್ಯಾರ್ಥಿಗಳಿಗೆ ಈ ನೋಟ್‌ಬುಕ್ಕಿನ ಕಥೆಯನ್ನು ಹೇಳುತ್ತಿರುತ್ತೇನೆ. ಹಳೆಯ ವಸ್ತು ಕೊಳ್ಳುವಾಗ ವಯಸ್ಸಿಗಿಂತ ಅದನ್ನು ನೋಡಿಕೊಂಡ ಬಗೆ ಮುಖ್ಯ. ದೋಣಿಗೂ ಸರಿ, ನಮ್ಮಲ್ಲಿನ ಮೋಟರ್ ಸೈಕಲ್‌ಗೂ ಸರಿ.

ಹೋಗುವುದು ಹೇಗೆ

ಅನಾಪೊಲಿಸ್ ವಾಷಿಂಗ್ಟನ್‌ನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ರೈಲು ಇಲ್ಲ, ಕಾರಿನಲ್ಲೋ ಬಸ್ಸಿನಲ್ಲೋ ಹೋಗಬೇಕು. ಮೇ ತಿಂಗಳು ಹಿತಕರ. ಚಳಿಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿದಿರುತ್ತವೆ, ನೀರಿನ ಕಂಬಗಳ ಮೇಲೆ ಮೀನು ಹಿಡಿಯುವ ಆಸ್‌ಪ್ರೇ ಹಕ್ಕಿಗಳು ಗೂಡು ಕಟ್ಟಿರುತ್ತವೆ. ದಕ್ಕೆಯ ಬಳಿಯಿಂದ ಟಿಕೆಟ್ ಪಡೆದು ಹಾಯಿಹಡಗಿನಲ್ಲಿ ಕೊಲ್ಲಿಯನ್ನು ಸುತ್ತಿ ಬರಬಹುದು. ಈಸ್ಟ್‌ಪೋರ್ಟ್‌ನ ಅಂಗಳಗಳಿಗೂ ಕೇಳಿಕೊಂಡು ಒಂದು ಸುತ್ತು ಹೋಗಿ. ಮಕ್ಕಳು ಜೊತೆಗಿದ್ದರೆ ಪ್ರೊಪೆಲ್ಲರ್ ಬಳಿಯ ಸತುವಿನ ತುಂಡನ್ನು ತೋರಿಸಲು ಮರೆಯಬೇಡಿ.